ವರ್ಷ ಹೇಗೆ ಕಳೆಯಿತೋ ಗೊತ್ತೇ ಆಗಲಿಲ್ಲ: ಇದು ಮರೆವಿನ ಶುರುವಾ?

ಪ್ರಶ್ನೆ: ನನಗೆ 48 ವರ್ಷ. ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ಇತ್ತೀಚೆಗೆ ಒಂದು ಭಯ ಹಿಡಿದಿದೆ. ಶಾಲೆ ಶುರುವಾಯಿತು ಅನ್ನುವಷ್ಟರಲ್ಲಿ ದಸರಾ ರಜೆ. ರಜೆ ಮುಗಿಯಿತು ಅನ್ನುವಷ್ಟರಲ್ಲಿ ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆ. ಮತ್ತೆ ಜೂನ್, ಮತ್ತೆ ಸಮಾಂತರ ಶ್ರೇಢಿ. ಮಗಳನ್ನು ಮೊನ್ನೆ ಮೊನ್ನೆ ಒಂದನೇ ಕ್ಲಾಸಿಗೆ ಸೇರಿಸಿದ ಹಾಗಿದೆ. ಈ ವರ್ಷ ಮೈಸೂರಿನ ಹಾಸ್ಟೆಲ್‌ಗೆ ಬಿಟ್ಟು ಬಂದೆವು. ಕೊರೊನಾದ ಎರಡು ವರ್ಷವಂತೂ ಲೆಕ್ಕಕ್ಕೇ ಸಿಗುತ್ತಿಲ್ಲ. ಆಗ ಒಂದೊಂದು ದಿನ ದೂಡುವುದೂ ಕಷ್ಟವಾಗಿತ್ತು, ಅದು ಮಾತ್ರ ಚೆನ್ನಾಗಿ ನೆನಪಿದೆ. ಸಾಗರದಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮನಿಗೆ 79. ಅವರಿಗೆ ಮರೆವು ಶುರುವಾಗಿದೆ. ಹೋದಾಗಲೆಲ್ಲ ‘ಎಷ್ಟು ದಿನ ಆಯ್ತೇ ನೀನು ಬಂದು’ ಅನ್ನುತ್ತಾರೆ. ನನಗೂ ಅದೇ ಕಾಯಿಲೆ ಬರುತ್ತಿದೆಯಾ? ಸಹೋದ್ಯೋಗಿಯೊಬ್ಬರು ‘ವಯಸ್ಸಾದ ಹಾಗೆ ಮೆದುಳಿನ ಗಡಿಯಾರ ಕೆಡುತ್ತೆ, ಏನೂ ಮಾಡಕ್ಕಾಗಲ್ಲ’ ಎಂದರು. ವರ್ತಮಾನದಲ್ಲಿ ಬದುಕಿ ಎಂದು ಎಲ್ಲರೂ ಹೇಳುತ್ತಾರೆ. ಬೆಳಗ್ಗೆ ಧ್ಯಾನಕ್ಕೆ ಕೂರುತ್ತೇನೆ. ಐದು ನಿಮಿಷದಲ್ಲಿ ಮನಸ್ಸು ತಿಂಡಿ, ಬಸ್ಸು, ಪಾಠಯೋಜನೆ ಎಂದು ಓಡುತ್ತದೆ. ದಸರಾ ರಜೆಯಲ್ಲಿ ಹತ್ತು ದಿನದ ಮೌನ ಶಿಬಿರಕ್ಕೆ ಬಾ ಎಂದು ಗೆಳತಿ ಒತ್ತಾಯ ಮಾಡುತ್ತಿದ್ದಾಳೆ. ಮಗಳು ಹುಟ್ಟಿದ ಮೇಲೆ ಒಂದು ವರ್ಷ ಖಿನ್ನತೆಗೆ ಚಿಕಿತ್ಸೆ ಪಡೆದಿದ್ದೆ. ಈಗ ಥೈರಾಯ್ಡ್ ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ. ಶಿಬಿರಕ್ಕೆ ಹೋಗಬಹುದಾ?

ಉತ್ತರ: ಮೇಡಂ, ಮೊದಲು ಕಾಯಿಲೆಯ ಮಾತು ಮುಗಿಸಿಬಿಡೋಣ. ಅದು ತಲೆಯಲ್ಲಿ ಕೊರೆಯುತ್ತಿದ್ದರೆ ಮುಂದಿನದ್ದು ಯಾವುದೂ ಕಿವಿಗೆ ಬೀಳುವುದಿಲ್ಲ.

ವರ್ಷ ಬೇಗ ಕಳೆಯಿತು ಅನ್ನಿಸುವುದು ಮರೆವಿನ ಕಾಯಿಲೆಯ ಲಕ್ಷಣ ಅಲ್ಲ. ಡಿಮೆನ್ಷಿಯಾದಲ್ಲಿ ನಾವು ಗಮನಿಸುವುದು ಬೇರೆ ವಿಷಯಗಳನ್ನು. ಹತ್ತು ನಿಮಿಷದ ಹಿಂದೆ ಕೇಳಿದ್ದನ್ನೇ ಮತ್ತೆ ಕೇಳುವುದು. ದಿನಾ ಓಡಾಡುವ ದಾರಿಯಲ್ಲೇ ತಬ್ಬಿಬ್ಬಾಗುವುದು. ವರ್ಷಗಳಿಂದ ಮಾಡಿಕೊಂಡು ಬಂದ ಹಣದ ಲೆಕ್ಕ, ಅಡುಗೆಯ ಕ್ರಮ ತಪ್ಪುವುದು. ಇದು ಯಾವ ತಿಂಗಳು, ಯಾವ ವರ್ಷ ಎಂಬುದೇ ಪದೇ ಪದೇ ಗೊಂದಲವಾಗುವುದು. ನೀವು ಜೂನ್‌ನಿಂದ ಹಿಡಿದು ಪರೀಕ್ಷೆಯವರೆಗೆ ಒಂದೂ ಬಿಡದೆ ಕ್ರಮವಾಗಿ ಬರೆದಿದ್ದೀರಿ. ಕಾಲ ನಿಮ್ಮ ಲೆಕ್ಕದಿಂದ ತಪ್ಪಿಸಿಕೊಂಡಿಲ್ಲ. ಅದು ಓಡಿದ ವೇಗ ನೋಡಿ ನಿಮಗೆ ದಿಗಿಲಾಗಿದೆ, ಅಷ್ಟೇ.

ಆದರೂ ಒಂದು ರಕ್ತಪರೀಕ್ಷೆ ಮಾಡಿಸಿಬಿಡಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಡೋಸ್ ಹೆಚ್ಚುಕಮ್ಮಿ ಆದರೆ ಸುಸ್ತು, ಮಂಕು, ಮರೆವು ಕಾಣಿಸುವುದುಂಟು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಮುಟ್ಟು ನಿಲ್ಲುವ ಆಸುಪಾಸಿನ ವಯಸ್ಸು ಬೇರೆ. ಆಗ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮರುದಿನದ ನೆನಪೂ ಸರಿಯಾಗಿ ಕೂರುವುದಿಲ್ಲ. ಇವೆಲ್ಲ ಸರಿಪಡಿಸಬಹುದಾದ ಸಂಗತಿಗಳು. ಭಯ ಹೋಗಲಿ ಎಂದಾದರೂ ಒಮ್ಮೆ ನೋಡಿಸಿ.

ಇನ್ನು ನಿಮ್ಮ ಸಹೋದ್ಯೋಗಿಯ ಗಡಿಯಾರದ ವಿಷಯ. ಮೆದುಳಿನಲ್ಲಿ ಗಡಿಯಾರ ನಿಜಕ್ಕೂ ಇದೆ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಸುಮಾರು 20 ಸಾವಿರ ನರಕೋಶಗಳ ಒಂದು ಪುಟ್ಟ ಗುಂಪು. ರಾತ್ರಿ ನಿದ್ದೆ ತರಿಸುವುದು, ಬೆಳಗ್ಗೆ ಎಬ್ಬಿಸುವುದು, ಹೀಗೆ 24 ಗಂಟೆಯ ತಾಳ ನೋಡಿಕೊಳ್ಳುವುದು ಅದರ ಕೆಲಸ. ವಯಸ್ಸಾದ ಹಾಗೆ ಅದು ಸ್ವಲ್ಪ ಸಡಿಲವಾಗುವುದೂ ನಿಜ. ಬೇಗ ನಿದ್ದೆ ಬರುತ್ತದೆ, ಬೇಗ ಎಚ್ಚರವಾಗುತ್ತದೆ. ಆದರೆ ಅದು ವರ್ಷಗಳನ್ನು ಎಣಿಸುವುದಿಲ್ಲ. ಸೆಕೆಂಡು, ನಿಮಿಷಗಳ ಅಂದಾಜಿಗೆ ಮೆದುಳಿನ ಬೇರೆ ಬೇರೆ ಭಾಗಗಳು ಸೇರಿ ಕೆಲಸ ಮಾಡುತ್ತವೆ. ಅಲ್ಲೂ ಬದಲಾವಣೆ ಆಗುತ್ತದೆ. ಅಮೆರಿಕದ ಹಡ್ಸನ್ ಹೋಗ್ಲಂಡ್ ಎಂಬ ವಿಜ್ಞಾನಿಯ ಹೆಂಡತಿಗೆ ಒಮ್ಮೆ ಜೋರು ಜ್ವರ ಬಂದಿತ್ತು. ಗಡಿಯಾರ ನೋಡದೆ ಒಂದು ನಿಮಿಷ ಎಣಿಸು ಎಂದು ಆತ ಆಕೆಗೆ ಹೇಳಿದ. ಜ್ವರ ಏರಿದಷ್ಟೂ ಆಕೆ ಬೇಗ ಬೇಗ ಎಣಿಸಿದಳು. 1930ರ ದಶಕದ ಮಾತು ಇದು. (ಜ್ವರ ಬಂದ ಹೆಂಡತಿಗೆ ಕಾಫಿ ಮಾಡಿಕೊಡುವುದು ಬಿಟ್ಟು ಎಣಿಕೆ ಮಾಡಿಸಿದ ಪುಣ್ಯಾತ್ಮ.) ಇದೆಲ್ಲ ನಿಮಿಷಗಳ ಆಟ. ‘ಹತ್ತು ವರ್ಷ ಹೇಗೆ ಹೋಯಿತೋ’ ಎಂಬ ನಿಮ್ಮ ದಿಗಿಲಿಗೂ ಇದಕ್ಕೂ ನೇರ ಸಂಬಂಧ ಇಲ್ಲ.

ಗಣಿತದವರು ಎಂದ ಮೇಲೆ ಇನ್ನೊಂದು ಹಳೆಯ ವಾದ ಹೇಳಲೇಬೇಕು. 1877ರಲ್ಲಿ ಪಾಲ್ ಜಾನೆ ಎಂಬ ಫ್ರೆಂಚ್ ಚಿಂತಕ ಮುಂದಿಟ್ಟದ್ದು. ಹತ್ತು ವರ್ಷದ ಮಗುವಿಗೆ ಒಂದು ವರ್ಷ ಎಂದರೆ ಬದುಕಿನ ಹತ್ತನೇ ಒಂದು ಪಾಲು. ಐವತ್ತರವರಿಗೆ ಐವತ್ತನೇ ಒಂದು ಪಾಲು. ಹಾಗಾಗಿ ಮಗುವಿಗೆ ವರ್ಷ ಉದ್ದ, ನಮಗೆ ಗಿಡ್ಡ. ಕೇಳಲು ಸರಿ ಅನ್ನಿಸುತ್ತದೆ. ಈ ಲೆಕ್ಕವನ್ನು ಕೊನೆತನಕ ಎಳೆದರೆ 5ರಿಂದ 10, 10ರಿಂದ 20, 20ರಿಂದ 40, 40ರಿಂದ 80, ವಯಸ್ಸು ದುಪ್ಪಟ್ಟಾಗುವ ಈ ನಾಲ್ಕೂ ಸಮವಾದ ಕಂತುಗಳಾಗುತ್ತವೆ. ನೀವು ಪಾಠ ಮಾಡುವುದು ಸಮಾಂತರ ಶ್ರೇಢಿ, ಜಾನೆಯದು ಗುಣೋತ್ತರ ಶ್ರೇಢಿ. ಹೀಗೆ ನೋಡಿದರೆ 5ರಿಂದ 80ರವರೆಗೆ ಬದುಕುವವರ ಅರ್ಧ ದಾರಿ 20ಕ್ಕೇ ಮುಗಿದಿರುತ್ತದೆ! ಇದನ್ನು ಓದಿ ಕಂಗಾಲಾದವರನ್ನು ನಾನು ನೋಡಿದ್ದೇನೆ. ದಯವಿಟ್ಟು ನೀವು ಆಗಬೇಡಿ. ಇದು ಚಂದದ ಲೆಕ್ಕ, ಆದರೆ ಕಾರಣ ಅಲ್ಲ. ಯಾರೂ ತಮ್ಮ ಆಯುಸ್ಸನ್ನು ಭಾಗಾಕಾರ ಮಾಡಿಕೊಂಡು ಸೋಮವಾರದ ಉದ್ದ ನಿರ್ಧರಿಸುವುದಿಲ್ಲ. ನಲವತ್ತು ದಾಟಿದ್ದರೂ ನಿಮಗೆ ಲಾಕ್‌ಡೌನಿನ ಮಧ್ಯಾಹ್ನ ಮುಗಿಯುತ್ತಲೇ ಇರಲಿಲ್ಲ, ಅಲ್ವಾ? ಈ ಸೂತ್ರದಲ್ಲಿ ಅದಕ್ಕೆ ಜಾಗವೇ ಇಲ್ಲ.

ಜನರನ್ನೇ ಕೇಳಿದಾಗ ಸಿಕ್ಕ ಉತ್ತರ ಇನ್ನೂ ಕುತೂಹಲದ್ದು. ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ 14ರಿಂದ 94 ವಯಸ್ಸಿನ 499 ಜನರನ್ನು ಕೇಳಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಕಳೆದ ವಾರ, ಕಳೆದ ತಿಂಗಳು, ಕಳೆದ ವರ್ಷ ಎಷ್ಟು ಬೇಗ ಹೋಯಿತು ಎಂದು ಕೇಳಿದರೆ ಚಿಕ್ಕವರಿಗೂ ದೊಡ್ಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎಲ್ಲ ವಯಸ್ಸಿನವರೂ ಬೇಗ ಹೋಯಿತು ಎಂದರು. ‘ಕಳೆದ ಹತ್ತು ವರ್ಷ’ ಎಂದಾಗ ಮಾತ್ರ ವಯಸ್ಸಿನ ಜೊತೆ ವೇಗ ಏರಿತು. ಅದೂ ಸ್ವಲ್ಪವೇ. ಬೇಕಾದರೆ ಮಗಳನ್ನು ಕೇಳಿ. ಪಿಯುಸಿ ಎರಡು ವರ್ಷ ಹೇಗೆ ಹೋಯಿತೋ ಗೊತ್ತಿಲ್ಲ ಎಂದು ಅವಳೂ ಹೇಳುತ್ತಾಳೆ.

ಹಾಗಾದರೆ ನಡೆಯುತ್ತಿರುವುದೇನು? ಇದರ ಕೀಲಿಕೈ ನಿಮ್ಮ ಪತ್ರದಲ್ಲೇ ಇದೆ. ಕೊರೊನಾದಲ್ಲಿ ದಿನ ದೂಡುವುದು ಕಷ್ಟ, ಈಗ ನೋಡಿದರೆ ಎರಡು ವರ್ಷ ಮಾಯ ಎಂದಿರಿ. ಈ ಎರಡೂ ನಿಜ. ಮನಸ್ಸು ಕಾಲವನ್ನು ಎರಡು ಸಲ ಅಳೆಯುತ್ತದೆ, ಎರಡು ಬೇರೆ ಅಳತೆಗೋಲು ಹಿಡಿದು.

ಒಂದು ಅಳತೆ ಆಗಿಂದಾಗಲೇ ಆಗುವುದು. ಇದಕ್ಕೆ ಮುಖ್ಯ ಗಮನ. ಬಸ್ ಸ್ಟಾಪಿನಲ್ಲಿ ನಿಂತು ಮತ್ತೆ ಮತ್ತೆ ವಾಚು ನೋಡಿದರೆ ಹತ್ತು ನಿಮಿಷ ಅರ್ಧ ಗಂಟೆಯಾಗುತ್ತದೆ. ಕಾಲದ ಮೇಲೇ ಗಮನ ಇಟ್ಟಷ್ಟೂ ಅದು ತೆವಳುತ್ತದೆ. ಅದೇ ಸ್ಟಾಪಿನಲ್ಲಿ ಹಳೆಯ ಗೆಳತಿ ಸಿಕ್ಕರೆ ಬಸ್ಸು ಬಂದದ್ದೂ ತಿಳಿಯುವುದಿಲ್ಲ. ಇನ್ನೊಂದು ಅಳತೆ ಆಮೇಲೆ, ಹಿಂತಿರುಗಿ ನೋಡುವಾಗ ಆಗುವುದು. ಇದಕ್ಕೆ ಮುಖ್ಯ ನೆನಪು. ಆ ಅವಧಿಯಲ್ಲಿ ಬೇರೆ ಬೇರೆಯಾಗಿ ನೆನಪಾಗುವ ಸಂಗತಿ ಎಷ್ಟಿದೆಯೋ, ಅವಧಿ ಅಷ್ಟು ಉದ್ದ ಅನ್ನಿಸುತ್ತದೆ. ನೆನಪು ಎನ್ನುವುದು ನಿಮ್ಮ ಕ್ಲಾಸಿನ ಹಾಜರಿ ಪುಸ್ತಕದ ಹಾಗಲ್ಲ. ಪ್ರತಿ ದಿನಕ್ಕೊಂದು ಗುರುತು ಹಾಕುವ ಶಿಸ್ತು ಅದಕ್ಕಿಲ್ಲ. ನಿನ್ನೆಯ ಹಾಗೇ ಇರುವ ದಿನವನ್ನು ಅದು ನಿನ್ನೆಯ ಸಾಲಿನಲ್ಲೇ ಸೇರಿಸಿಬಿಡುತ್ತದೆ. ಹೀಗೆ ಇನ್ನೂರು ದಿನ ಒಂದೇ ಸಾಲಿನಲ್ಲಿ ಮುಗಿದರೆ ಮಾರ್ಚ್‌ನಲ್ಲಿ ತಿರುಗಿ ನೋಡಿದವರಿಗೆ ವರ್ಷವೇ ಕಾಣುವುದಿಲ್ಲ.

ಲಾಕ್‌ಡೌನಿನಲ್ಲಿ ಆದದ್ದೂ ಇದೇ. ಜಾತ್ರೆ ಇಲ್ಲ, ಮದುವೆ ಇಲ್ಲ, ಶಾಲೆಯ ವಾರ್ಷಿಕೋತ್ಸವ ಇಲ್ಲ. ಯಾವ ಸೋಮವಾರಕ್ಕೂ ಗುರುತು ಇಲ್ಲ. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ 604 ಜನರನ್ನು ಕೇಳಿದಾಗ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಜನ ಕಾಲದ ಓಟ ಎಂದಿನ ಹಾಗಿಲ್ಲ ಎಂದಿದ್ದರು. ವಯಸ್ಸಾದವರಿಗೆ, ಒತ್ತಡ ಹೆಚ್ಚಿದ್ದವರಿಗೆ, ಮಾಡಲು ಕೆಲಸ ಕಡಿಮೆ ಇದ್ದವರಿಗೆ, ಜನರ ಒಡನಾಟ ಸಾಲದು ಅನ್ನಿಸಿದವರಿಗೆ ಅದು ನಿಧಾನವಾಗಿತ್ತು. ದೊಡ್ಡವರಿಗೆ ಕಾಲ ಯಾವಾಗಲೂ ಓಡುತ್ತದೆ ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತು.

ಇದನ್ನು ಮೈಮೇಲೆ ಎಳೆದುಕೊಂಡು ನೋಡಿದವನೂ ಒಬ್ಬನಿದ್ದ. ಮಿಶೆಲ್ ಸಿಫ್ರ್, ಫ್ರಾನ್ಸಿನ ಭೂವಿಜ್ಞಾನಿ, ಆಗ ವಯಸ್ಸು 23. 1962ರ ಜುಲೈ 16ರಂದು ವಾಚು, ಕ್ಯಾಲೆಂಡರು ಏನೂ ಇಲ್ಲದೆ ಆಲ್ಪ್ಸ್ ಪರ್ವತದ ಒಂದು ಹಿಮದ ಗುಹೆಗೆ ಇಳಿದ. ಎದ್ದಾಗ, ಉಂಡಾಗ, ಮಲಗುವಾಗ ಫೋನ್ ಮಾಡಿ ತಿಳಿಸುತ್ತಿದ್ದ. ಮೇಲಿದ್ದವರು ಅವನಿಗೆ ಹೊತ್ತು ಹೇಳುವಂತಿರಲಿಲ್ಲ. 120ರವರೆಗೆ ಸೆಕೆಂಡಿಗೊಂದರಂತೆ ಎಣಿಸು ಎಂದರೆ ಸುಮಾರು ಐದು ನಿಮಿಷ ತೆಗೆದುಕೊಳ್ಳುತ್ತಿದ್ದ. ಸೆಪ್ಟೆಂಬರ್ 14ರಂದು ‘ಅವಧಿ ಮುಗಿಯಿತು, ಹೊರಗೆ ಬಾ’ ಎಂದಾಗ ಅವನಿಗೆ ಆಶ್ಚರ್ಯ. ಅವನ ಲೆಕ್ಕದಲ್ಲಿ ಅಂದು ಆಗಸ್ಟ್ 20. ಹೆಚ್ಚುಕಡಿಮೆ ಇಪ್ಪತ್ತೈದು ದಿನ ಕತ್ತಲಲ್ಲಿ ಕರಗಿಹೋಗಿತ್ತು. ಯುವಕ, ಆರೋಗ್ಯವಂತ, ಮೆದುಳಿಗೆ ಏನೂ ಆಗಿರಲಿಲ್ಲ. ಗುರುತು ಸಿಗದ ದಿನಗಳನ್ನು ನೆನಪು ಹೀಗೇ ನುಂಗುತ್ತದೆ.

ಇದರ ಉಲ್ಟಾ ಕಥೆಯೂ ಇದೆ. ಬೈಕಿನಿಂದ ಬಿದ್ದವರು ‘ಎಲ್ಲ ಸ್ಲೋ ಮೋಷನ್ನಿನಲ್ಲಿ ನಡೆದ ಹಾಗಿತ್ತು ಡಾಕ್ಟ್ರೇ’ ಎನ್ನುತ್ತಾರೆ. ಆ ಕ್ಷಣದಲ್ಲಿ ಮೆದುಳು ನಿಜಕ್ಕೂ ಹೆಚ್ಚು ವೇಗವಾಗಿ ನೋಡುತ್ತದೆಯೇ? 2007ರಲ್ಲಿ ಅಮೆರಿಕದ ಸಂಶೋಧಕರು ಕೆಲವರನ್ನು 31 ಮೀಟರ್ ಎತ್ತರದಿಂದ, ಕೆಳಗೆ ಬಲೆ ಹಾಸಿ, ಬೀಳಿಸಿದರು. ತಾವು ಬಿದ್ದ ಹೊತ್ತು ಬೇರೆಯವರು ಬಿದ್ದದ್ದಕ್ಕಿಂತ ಶೇ. 36ರಷ್ಟು ಜಾಸ್ತಿ ಎಂದು ಅವರಿಗೆ ಅನ್ನಿಸಿತು. ಆದರೆ ಬೀಳುವಾಗ ಕೈಗೆ ಕಟ್ಟಿದ್ದ ಯಂತ್ರದಲ್ಲಿ ವೇಗವಾಗಿ ಮಿನುಗುವ ಅಂಕಿ ಓದಲು ಅವರಿಗೆ ಆಗಲಿಲ್ಲ. ನೋಟದ ವೇಗ ಏರಿರಲಿಲ್ಲ. ಭಯದಲ್ಲಿ ನೆನಪು ಒತ್ತೊತ್ತಾಗಿ ಕೂತಿತ್ತು, ಆಮೇಲೆ ಅದೇ ಉದ್ದವಾಗಿ ಕಂಡಿತು.

ಹದಿನೈದರಿಂದ ಇಪ್ಪತ್ತೈದರ ವಯಸ್ಸು ಎಲ್ಲರಿಗೂ ದೊಡ್ಡದಾಗಿ ನೆನಪಿರುವುದೂ ಇದೇ ಕಾರಣಕ್ಕೆ ಇರಬೇಕು. ಮೊದಲ ಕಾಲೇಜು, ಮೊದಲ ಸಂಬಳ, ಮದುವೆ, ಹೊಸ ಊರು, ಎಲ್ಲ ಮೊದಲುಗಳೂ ಅಲ್ಲೇ ಒಟ್ಟುಗೂಡಿರುತ್ತವೆ. ನೀವು ಮೊದಲ ವರ್ಷ ಪಾಠ ಮಾಡಿದ ಕ್ಲಾಸಿನ ಮಕ್ಕಳ ಹೆಸರು ಇವತ್ತಿಗೂ ಹೇಳಬಲ್ಲಿರಿ. ಮೂರು ವರ್ಷದ ಹಿಂದಿನ ಬ್ಯಾಚಿನದು? ಶಿಕ್ಷಕರಿಗೆ ಇದು ಇನ್ನೂ ಜೋರಾಗಿ ತಟ್ಟುತ್ತದೆ. ಎದುರಿಗೆ ಕೂರುವ ಮಕ್ಕಳಿಗೆ ಯಾವಾಗಲೂ ಹದಿನೈದು. ಪುಸ್ತಕ ಅದೇ, ಗಂಟೆ ಅದೇ. ಬದಲಾಗುವವರು ನೀವೊಬ್ಬರೇ.

ಮೂರನೆಯ ಕಾರಣವೊಂದಿದೆ. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಗುವುದಿಲ್ಲ. ಅದು ತರಾತುರಿ. ಸಮಯ ಸಾಲುತ್ತಿಲ್ಲ ಎಂಬ ಒತ್ತಡದಲ್ಲಿರುವವರಿಗೆ ಕಾಲ ಬೇಗ ಓಡಿದಂತೆ ಅನ್ನಿಸುತ್ತದೆ ಎಂದು ನೆದರ್ಲೆಂಡ್ಸ್, ಜಪಾನ್‌ಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ನನ್ನ ಕೊಠಡಿಗೆ ಬರುವ ನಲವತ್ತು ದಾಟಿದವರಲ್ಲಿ ನಾನು ಹೆಚ್ಚು ಕಾಣುವುದು ಇದನ್ನೇ. ಕುಕ್ಕರಿನ ಮುಂದೆ ನಿಂತಾಗ ಬಸ್ಸಿನ ಯೋಚನೆ. ಬಸ್ಸಿನಲ್ಲಿ ಕೂತಾಗ ಪಾಠದ ಯೋಚನೆ. ಪಾಠದ ಮಧ್ಯೆ ಆ್ಯಪಿನಲ್ಲಿ ಮಾಹಿತಿ ತುಂಬಬೇಕೆಂಬ ಯೋಚನೆ. ಎಲ್ಲಿದ್ದರೂ ಮುಂದಿನ ಕೆಲಸದ ಹೊಸ್ತಿಲಲ್ಲೇ ಇರುತ್ತೀರಿ. ಗಮನ ಇಲ್ಲದ ಕಡೆ ನೆನಪೂ ಮೂಡುವುದಿಲ್ಲ. ಸಂಜೆ ಹೊತ್ತಿಗೆ ದಿನವಿಡೀ ದುಡಿದ ಸುಸ್ತು ಇರುತ್ತದೆ, ದಿನ ಮಾತ್ರ ಕೈಗೆ ಸಿಗುವುದಿಲ್ಲ. ಇದನ್ನು ನಿಮ್ಮ ತಪ್ಪು ಅಂತ ನಾನು ಹೇಳಲಾರೆ. ಎರಡು ಮನೆಯ ಜವಾಬ್ದಾರಿ, ಒಂದು ನೌಕರಿ, ಜೊತೆಗೆ ಚುನಾವಣೆ, ಗಣತಿ ಅಂತ ಸರ್ಕಾರ ಕೊಡುವ ಹೆಚ್ಚುವರಿ ಕೆಲಸ. ಇಷ್ಟನ್ನೂ ಹೇರಿ ‘ವರ್ತಮಾನದಲ್ಲಿ ಬದುಕಿ’ ಎಂದರೆ ಅದೂ ಮಾಡಬೇಕಾದ ಕೆಲಸಗಳ ಪಟ್ಟಿಗೆ ಇನ್ನೊಂದು ಸೇರಿಸಿದ ಹಾಗೆ.

ಆ ವರ್ತಮಾನದ ಉಪದೇಶದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಅದನ್ನು ಜನ ತಪ್ಪಾಗಿ ಅರ್ಥ ಮಾಡಿಕೊಂಡು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ನಾಳೆಯ ಪಾಠದ ತಯಾರಿ ಮಾಡುವುದು ವರ್ತಮಾನ ಬಿಟ್ಟು ಓಡುವುದಲ್ಲ. ಮಗಳ ಬಾಲ್ಯ ನೆನೆದು ಕಣ್ಣು ತುಂಬಿಕೊಳ್ಳುವುದೂ ಅಲ್ಲ. ಹಿಂದಿನದನ್ನು ಮೆಲುಕು ಹಾಕದ, ಮುಂದಿನದನ್ನು ಯೋಚಿಸದ ಮನಸ್ಸು ಆರೋಗ್ಯದ ಗುರುತೇನಲ್ಲ. ನಮಗೆ ತೊಂದರೆ ಕೊಡುವುದು ಅದೇ ಚಿಂತೆ ಗಾಣದ ಎತ್ತಿನಂತೆ ಸುತ್ತುತ್ತಿರುವುದು, ಮತ್ತು ಎದುರಿಗಿರುವವರು ಮಾತಾಡುತ್ತಿದ್ದರೂ ಕೇಳಿಸದೇ ಹೋಗುವುದು.

ಐದು ನಿಮಿಷದಲ್ಲಿ ಮನಸ್ಸು ಓಡಿತು ಎಂದು ಬರೆದಿದ್ದೀರಿ. ನಾನಾದರೆ ಐದು ನಿಮಿಷ ಕೂತಿತಲ್ಲ ಎಂದು ಖುಷಿಪಡುತ್ತಿದ್ದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 2,250 ಜನರಿಗೆ ಫೋನಿನ ಮೂಲಕ ಹೊತ್ತಲ್ಲದ ಹೊತ್ತಲ್ಲಿ ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ? ಶೇ. 46.9ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಅಂದರೆ ಎಚ್ಚರವಿರುವ ಹೊತ್ತಿನಲ್ಲಿ ಅರ್ಧದಷ್ಟು. ಅಲೆಯುವುದು ಮನಸ್ಸಿನ ಸ್ವಭಾವ. ಅಲೆದದ್ದು ಗೊತ್ತಾಗಿ ವಾಪಸ್ ಕರೆತರುವುದೇ ಧ್ಯಾನದ ಅಭ್ಯಾಸ. ತಿಂಡಿಯ ಯೋಚನೆ ಬಂತು, ತಿಳಿಯಿತು, ಮತ್ತೆ ಉಸಿರಿಗೆ ಬಂದಿರಿ. ಒಂದು ಸುತ್ತು ಆಯಿತು. ಹತ್ತು ಸಲ ಓಡಿದರೆ ಹತ್ತು ಸುತ್ತು. ನೀವು ಫೇಲಾಗಿದ್ದೇನೆ ಅಂದುಕೊಂಡ ಜಾಗದಲ್ಲೇ ಅಭ್ಯಾಸ ನಡೆಯುತ್ತಿತ್ತು.

ಇನ್ನೊಂದು ಮಾತನ್ನು ಧ್ಯಾನ ಕಲಿಸುವವರು ಹೇಳುವುದು ಕಡಿಮೆ. ಧ್ಯಾನದಿಂದ ಮನಸ್ಸಿನ ಗದ್ದಲ ಕಡಿಮೆಯಾಗಬಹುದು. ಆದರೆ ದಿನಾ ಅದೇ ಮೂಲೆ, ಅದೇ ಚಾಪೆ, ಅದೇ ಹೊತ್ತು ಎಂದರೆ ನೆನಪಿನ ಮಟ್ಟಿಗೆ ಅದೂ ಒಂದೇ ಸಾಲು. ಬರೀ ಧ್ಯಾನದಿಂದ ವರ್ಷ ಉದ್ದವಾಗುತ್ತದೆ ಎಂದು ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಈಗ, ಏನು ಮಾಡಬಹುದು?

ಏನೂ ಮಾಡದೆ ಇರುವುದೂ ಒಂದು ದಾರಿ. ಹಾಸ್ಯಕ್ಕೆ ಹೇಳುತ್ತಿಲ್ಲ. ಕೆಲಸದಲ್ಲಿ ಮುಳುಗಿದ, ಮಕ್ಕಳ ಜೊತೆ ನಕ್ಕ ಪೀರಿಯಡ್ ಬೇಗ ಮುಗಿಯಲೇಬೇಕು. 45 ನಿಮಿಷ ಎರಡು ಗಂಟೆಯಂತೆ ಅನ್ನಿಸುವ ಶಿಕ್ಷಕರ ಪರಿಸ್ಥಿತಿ ಊಹಿಸಿಕೊಳ್ಳಿ. ತೀವ್ರ ಖಿನ್ನತೆ ಇರುವವರಿಗೆ ಕಾಲ ಮುಂದೆ ಹೋಗುವುದೇ ಇಲ್ಲ. ಬೆಳಗ್ಗೆ ಹತ್ತಕ್ಕೆ ‘ಇನ್ನೂ ಇಡೀ ದಿನ ಬಾಕಿ ಇದೆಯಲ್ಲ’ ಎಂದು ಅಳುವವರಿದ್ದಾರೆ. ಕಾಲ ಓಡುತ್ತಿದೆ ಎಂಬ ದೂರಿನ ಒಂದು ಭಾಗ ನೀವು ಬದುಕಿನಲ್ಲಿ ತೊಡಗಿದ್ದೀರಿ ಎಂಬುದರ ಗುರುತು. ಅದನ್ನು ವಾಸಿ ಮಾಡಬೇಕಿಲ್ಲ.

ಎರಡನೆಯದು ದಿನಗಳಿಗೆ ಗುರುತು ಕೊಡುವುದು. ಹೊಸತು ಎಂದ ಕೂಡಲೇ ಜನ ಟೂರ್ ಪ್ಯಾಕೇಜ್ ಬುಕ್ ಮಾಡುತ್ತಾರೆ. ನಾಲ್ಕು ದಿನದಲ್ಲಿ ಎಂಟು ಜಾಗ ನೋಡಿ, ಎಲ್ಲೂ ಸರಿಯಾಗಿ ಕೂರದೆ, ಸಾಲದ ಜೊತೆ ವಾಪಸ್ ಬರುತ್ತಾರೆ. ಅದು ಬೇಡ. ನಿಮ್ಮ ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದ್ದೇ ಇರುತ್ತದೆ. ಹಾಲು ಬಾರದ ದಿನಕ್ಕೆ ಸುತ್ತು, ಸಿಲಿಂಡರ್ ಹಚ್ಚಿದ ದಿನಕ್ಕೆ ‘ಗ್ಯಾಸ್’, ಸಂಕಷ್ಟಿಗೆ ಒಂದು ಗೆರೆ. ಅದೇ ಚೌಕದಲ್ಲಿ ರಾತ್ರಿ ಮಲಗುವ ಮೊದಲು ನಾಲ್ಕೈದೇ ಪದ ಬರೆಯಿರಿ: ಆ ದಿನಕ್ಕೆ ಮಾತ್ರ ಸೇರಿದ ಏನಾದರೂ. ‘ಹಿಂದಿನ ಬೆಂಚಿನವನು ಪ್ರಮೇಯ ಬಿಡಿಸಿದ.’ ‘ಬಸ್ಸಿನಲ್ಲಿ ಮಳೆ ಸೋರಿತು.’ ‘ಮಗಳು ಸಾರಿನ ಪುಡಿಯ ಅಳತೆ ಕೇಳಿದಳು.’ ಏನೂ ಆಗಲಿಲ್ಲ ಅನ್ನಿಸಿದರೆ ಖಾಲಿ ಬಿಡಿ, ಸುಳ್ಳು ಬರೆಯಬೇಡಿ. ತಿಂಗಳ ಕೊನೆಗೆ ಹಾಳೆ ತಿರುಗಿಸುವ ಮುಂಚೆ ಒಮ್ಮೆ ಓದಿ. ನಾನು ಹಲವರಿಗೆ ಇದನ್ನು ಹೇಳಿದ್ದೇನೆ. ಎರಡು ಮೂರು ವಾರದಲ್ಲಿ ಅವರು ಬರೆಯಲು ಏನಾದರೂ ಹುಡುಕತೊಡಗುತ್ತಾರೆ. ಹುಡುಕುವುದು ಎಂದರೆ ಗಮನಿಸುವುದು. ನಮಗೆ ಬೇಕಾದದ್ದೂ ಅಷ್ಟೇ. ಒಂದು ಎಚ್ಚರ: ಇದನ್ನು ದಿನದ ಸಾಧನೆಯ ಪಟ್ಟಿ ಮಾಡಿಕೊಂಡರೆ ಕೆಟ್ಟಿತು. ಶಾಲೆಗೆ ಬರೆಯುವ ದಿನಚರಿ ಒಂದು ಸಾಲದೇ?

ಫೋಟೊ ತೆಗೆದರೆ ಆಗದೇ ಎಂದು ಕೇಳುತ್ತಾರೆ. ತೆಗೆಯಿರಿ, ಆದರೆ ಫೋನ್ ನೆನಪಿಟ್ಟುಕೊಳ್ಳುತ್ತದೆ ಎಂದು ಕಣ್ಣು ಬಿಡುವು ತೆಗೆದುಕೊಳ್ಳುತ್ತದೆ. ಮ್ಯೂಸಿಯಮ್ಮಿನಲ್ಲಿ ಸುಮ್ನೆ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳು ಕಡಿಮೆ ನೆನಪಿದ್ದವು ಎಂದು ಒಂದು ಪ್ರಯೋಗದಲ್ಲಿ ಕಂಡಿದೆ.

ಮೂರನೆಯದು ಹೊರೆ ಇಳಿಸುವುದು. ಇದು ಹೆಚ್ಚು ಫಲ ಕೊಡುವ, ಹೆಚ್ಚು ಕಷ್ಟದ ದಾರಿ. ಮನೆಪಾಠ ಮಾಡುತ್ತಿದ್ದರೆ ಬಿಡಬೇಕಾಗಬಹುದು, ಹಣ ಕಡಿಮೆಯಾಗುತ್ತದೆ. ಭಾನುವಾರದ ಅಡುಗೆ ಮನೆಯವರಿಗೆ ಬಿಟ್ಟರೆ ಮೊದಲ ಕೆಲವು ವಾರ ಮುಖ ಊದಿಕೊಳ್ಳುತ್ತದೆ, ಸಾರು ಉಪ್ಪಾಗುತ್ತದೆ. ಆಗಲಿ. ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ. ಒಂದನ್ನು ಬಿಡಿ. ಬಿಟ್ಟ ಜಾಗಕ್ಕೆ ಇನ್ನೊಂದು ಕೆಲಸ ಬಂದು ಕೂರದಂತೆ ಕಾಯಿರಿ. ಫೋನ್ ಆ ಜಾಗಕ್ಕೆ ಮೊದಲು ಬರುತ್ತದೆ. ರೀಲ್ಸ್ ನೋಡುವಾಗ ಒಂದು ಗಂಟೆ ಹೋದದ್ದು ತಿಳಿಯುವುದಿಲ್ಲ, ಆಮೇಲೆ ನೋಡಿದ ಒಂದೂ ನೆನಪಿರುವುದಿಲ್ಲ. ನಾನು ಹೇಳಿದ ಎರಡು ಅಳತೆಗಳಲ್ಲೂ ನಷ್ಟವೇ.

ಧ್ಯಾನ ನಾಲ್ಕನೆಯದು. 1979ರಲ್ಲಿ ಜಾನ್ ಕಬಾಟ್-ಝಿನ್ ಎಂಬ ವಿಜ್ಞಾನಿ ಅಮೆರಿಕದ ಒಂದು ವೈದ್ಯಕೀಯ ಕೇಂದ್ರದಲ್ಲಿ ಶುರು ಮಾಡಿದ ಎಂಟು ವಾರಗಳ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವ) ತರಬೇತಿಯಿಂದ ಈ ಪದ್ಧತಿ ಆಸ್ಪತ್ರೆಗಳಿಗೆ ಬಂತು. ಮರುಕಳಿಸುವ ಖಿನ್ನತೆಗೂ ಇದರ ಒಂದು ರೂಪ ಬಳಕೆಯಲ್ಲಿದೆ. ಇದರಲ್ಲಿ ನನಗೆ ನಂಬಿಕೆ ಇದೆ. ವಾರಕ್ಕೊಂದು ತರಗತಿ, ಮನೆಯಲ್ಲಿ ಅಭ್ಯಾಸ, ಕೇಳಲು ಒಬ್ಬ ತರಬೇತುದಾರ, ಹೀಗೆ ನಿಧಾನವಾಗಿ ಹೋಗುವುದು ಅದರ ಬಲ. ಹತ್ತು ದಿನದ ಮೌನ ಶಿಬಿರ ಬೇರೆಯದೇ ಪ್ರಮಾಣದ್ದು. ದಿನಕ್ಕೆ ಹತ್ತು ಗಂಟೆಯ ಆಸುಪಾಸು ಕೂರಬೇಕು, ಮಾತಿಲ್ಲ, ಫೋನಿಲ್ಲ, ಓದುವಂತಿಲ್ಲ. ಬಹಳ ಜನ ಹೋಗಿ ಹಗುರಾಗಿ ಬರುತ್ತಾರೆ. ಕೆಲವರಿಗೆ ಹಾಗಾಗುವುದಿಲ್ಲ. ಹಳೆಯ ಆಘಾತ ಇದ್ದವರಿಗೆ, ಪ್ಯಾನಿಕ್ ಆಗುವವರಿಗೆ, ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗುವ ಕಾಯಿಲೆ) ಅಥವಾ ಭ್ರಮೆಯ ಕಾಯಿಲೆ ಇದ್ದವರಿಗೆ ಅಷ್ಟು ಗಂಟೆಗಳ ಮೌನ ಭಾರವಾಗಬಹುದು. ನಿದ್ದೆ ಹೋಗಿ, ಗಾಬರಿ ಏರಿ, ತಾನು ತಾನಲ್ಲ ಎಂಬಂಥ ವಿಚಿತ್ರ ಅನುಭವವಾಗಿ ನಮ್ಮ ಹತ್ತಿರ ಬಂದವರಿದ್ದಾರೆ. ನಿಮ್ಮ ಖಿನ್ನತೆ ಹಳೆಯದು, ವಾಸಿಯಾಗಿದೆ. ಅಷ್ಟಕ್ಕೇ ಹೋಗಲೇಬೇಡಿ ಎನ್ನಲಾರೆ. ಆದರೆ ಮಗಳು ಮನೆ ಬಿಟ್ಟ ವರ್ಷ, ಭಯ ಹಿಡಿದಿರುವ ಹೊತ್ತು, ಅಮ್ಮನ ಚಿಂತೆ, ಇಷ್ಟನ್ನು ತೆಗೆದುಕೊಂಡು ಹತ್ತು ದಿನ ಒಂಟಿಯಾಗಿ ಕೂರಲು ಇದು ಒಳ್ಳೆಯ ಸಮಯ ಎಂದು ನನಗೆ ಅನ್ನಿಸುವುದಿಲ್ಲ.

ಪತ್ರವನ್ನು ಮತ್ತೊಮ್ಮೆ ಓದಿದಾಗ ನನಗೆ ತೋಚಿದ ಇನ್ನೊಂದು ವಿಷಯ ಹೇಳಲಾ? ನೀವು ಕಾಲದ ಬಗ್ಗೆ ಬರೆದಿದ್ದೀರಿ. ಆದರೆ ನಿಮ್ಮನ್ನು ಚುಚ್ಚಿದ ಮಾತು ಅಮ್ಮನದು. ಮಗಳ ಕೋಣೆ ಖಾಲಿಯಾಗಿದೆ, ಅಮ್ಮನ ನೆನಪು ಖಾಲಿಯಾಗುತ್ತಿದೆ, ನಡುವೆ ನೀವಿದ್ದೀರಿ. ಇದಕ್ಕೆ ಹೆಸರು ದುಃಖ. ಕಾಲ ಓಡುತ್ತಿದೆ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ದುಃಖಕ್ಕೆ ಧ್ಯಾನದ ತಂತ್ರ ಹುಡುಕುವುದಕ್ಕಿಂತ ಹೋಗಿ ಜೊತೆಗೆ ಕೂರುವುದು ಒಳ್ಳೆಯದು. ಅಮ್ಮ ಒಂದೇ ಮಾತು ನಾಲ್ಕು ಸಲ ಕೇಳಿದರೆ ನಾಲ್ಕು ಸಲವೂ ಉತ್ತರ ಕೊಡಿ. ಈಗ ತಾನೇ ಹೇಳಿದೆನಲ್ಲ ಎಂದು ಪರೀಕ್ಷೆ ಮಾಡಬೇಡಿ. ಹಳೆಯದನ್ನು ಕೇಳಿ, ಅದು ಅವರಲ್ಲಿ ಇನ್ನೂ ಗಟ್ಟಿಯಾಗಿರಬಹುದು. ಅವರನ್ನು ಇನ್ನೂ ನರರೋಗ ತಜ್ಞರಿಗೋ ಮನೋವೈದ್ಯರಿಗೋ ತೋರಿಸಿಲ್ಲವಾದರೆ ಈ ರಜೆಯಲ್ಲೇ ಅದನ್ನೂ ಮಾಡಿ. ವಯಸ್ಸಾಯಿತು ಎಂದು ಬಿಟ್ಟ ಮರೆವಿನಲ್ಲಿ ಕೆಲವಕ್ಕೆ ಚಿಕಿತ್ಸೆ ಇರುತ್ತದೆ.

ನಿಮ್ಮ ಮಟ್ಟಿಗೆ ಒಂದು ಗಡಿ ಹೇಳಿಬಿಡುತ್ತೇನೆ. ಎರಡು ವಾರಕ್ಕಿಂತ ಜಾಸ್ತಿ ಮನಸ್ಸು ಕುಸಿದೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದರೆ, ನಿದ್ದೆ ಊಟ ಕೆಟ್ಟರೆ, ಬದುಕಿ ಏನು ಪ್ರಯೋಜನ ಎಂಬ ಯೋಚನೆ ಬಂದರೆ, ಕ್ಯಾಲೆಂಡರು, ಧ್ಯಾನ ಎಂದು ಕಾಯಬೇಡಿ. ಹಿಂದೆ ನೋಡಿದ ವೈದ್ಯರ ಹತ್ತಿರವೇ ಹೋಗಿ. ರಾತ್ರಿ ಹೊತ್ತಲ್ಲಿ ಯಾರೂ ಸಿಗದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಶಿಬಿರದ ಮಾತಿಗೆ ನನ್ನ ಉತ್ತರ ಹೀಗೆ: ಈ ದಸರಾ ರಜೆ ಸಾಗರಕ್ಕೆ ಕೊಡಿ. ಒಂದೆರಡು ದಿನಕ್ಕೆ ಮಗಳನ್ನೂ ಅಲ್ಲಿಗೇ ಕರೆಸಿಕೊಳ್ಳಿ. ಬೆಳಗಿನ ಐದು ನಿಮಿಷ ಈಗಿನ ಹಾಗೇ ಮುಂದುವರಿಸಿ, ಸಾಧ್ಯವಾದರೆ ಹತ್ತು ಮಾಡಿ. ಗೆಳತಿಗೆ ಮುಂದಿನ ಬೇಸಿಗೆ ರಜೆಗೆ ನೋಡೋಣ ಎನ್ನಿ. ಆಗಲೂ ಮನಸ್ಸಿದ್ದರೆ ಮೊದಲು ಒಂದು ದಿನದ ಅಥವಾ ವಾರಾಂತ್ಯದ ಶಿಬಿರಕ್ಕೆ ಹೋಗಿ ನೋಡಿ. ಅರ್ಜಿಯಲ್ಲಿ ಹಿಂದಿನ ಮಾನಸಿಕ ಚಿಕಿತ್ಸೆಯ ಬಗ್ಗೆ ಸಾಮಾನ್ಯವಾಗಿ ಕೇಳುತ್ತಾರೆ, ಮುಚ್ಚಿಡದೆ ಬರೆಯಿರಿ. ಥೈರಾಯ್ಡ್ ಮಾತ್ರೆ ಬಿಡಬೇಡಿ, ಯಾರು ಏನೇ ಹೇಳಲಿ. ಮತ್ತು ಮಧ್ಯದಲ್ಲಿ ತೀರಾ ಕಷ್ಟವಾದರೆ ಎದ್ದು ಮನೆಗೆ ಬರಬಹುದು ಎಂಬುದನ್ನು ಹೋಗುವ ಮುಂಚೆಯೇ ಶಿಬಿರದವರಿಗೂ ಮನೆಯವರಿಗೂ ಹೇಳಿಟ್ಟಿರಿ.